ಮೀನಿನ ಮನೆಯ ಎರಡು ಕತ್ತಿ

ಹೊಳೆ ತಿರುಗುವ ಜಾಗದಲ್ಲಿ ಒಂದು ಆಶ್ರಮ. ಅದರ ಕೆಳಗೆ ಕಲ್ಲು ಕಟ್ಟಿದ ಕೊಳ. ಕೊಳದ ಕಂಬಕ್ಕೆ ತೂಗುಹಾಕಿದ ಒಂದು ಕರಿಹಲಗೆ.

ಹಲಗೆಯ ಮೇಲೆ ದೇವರ ಹೆಸರಿಲ್ಲ, ಮೀನಿನ ಹೆಸರಿಲ್ಲ. ಕೊಳ ಕಟ್ಟಿಸಿದವರ ಹೆಸರೂ ಇಲ್ಲ. ನಮ್ಮ ಕಡೆ ಅದೆಷ್ಟು ಅಪರೂಪ ಅಂತ ನಿಮಗೇ ಗೊತ್ತು! ಇರುವುದು ಒಂದು ದಿನ, ಅಷ್ಟೇ. ಅಕ್ಷರ ಮಾಸಿದರೆ ಯಾರಾದರೂ ಮತ್ತೆ ಅದನ್ನೇ ತಿದ್ದುತ್ತಾರೆ.

ಆ ದಿನ ಏನಾಗಿರಬಹುದು? ಹೇಳಿ ನೋಡೋಣ.

ಗುರುಗಳು ದೇಹ ಬಿಟ್ಟ ದಿನ ಅಂತೀರಿ. ಅಲ್ಲ. ಕೊಳಕ್ಕೆ ಮೊದಲ ಪೂಜೆಯಾದ ದಿನವೂ ಅಲ್ಲ. ಹೊಳೆ ಉಕ್ಕಿದ ದಿನ ಅಂದವರು ಸ್ವಲ್ಪ ಹತ್ತಿರ ಬಂದಿರಿ. ಆದರೂ ಅಲ್ಲ.

ಕೇಳಿ ಹಾಗಾದರೆ.

ಆಶ್ರಮದ ಗುರು ನಿರ್ವಾಣಯ್ಯನವರು. ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳುತ್ತಿದ್ದವರು, ಒಂದು ದಿನ ಪಾಠ ಮುಗಿಸಿ ಕೈಯ ಸೀಮೆಸುಣ್ಣ ಒರೆಸಿಕೊಂಡು ಹೊಳೆ ದಂಡೆಗೆ ಬಂದವರು ಮತ್ತೆ ಹೋಗಲಿಲ್ಲ. ಆ ಹೊಳೆಯ ಮಡುವಿನಲ್ಲಿ ಕೆಂಬಾಲದ ಮೀನು ಅಂತ ಒಂದು ಜಾತಿ. ಮಡು ಹೂಳು ತುಂಬಿ ಆ ಮೀನು ಅಳಿಯುವ ಹೊತ್ತಿಗೆ, ಉಳಿದಿದ್ದನ್ನು ಹಿಡಿದು ತಂದು ಆಶ್ರಮದ ಎರಡು ಕೊಳದಲ್ಲಿ ಬಿಟ್ಟು ಸಾಕಿದರು.

ಅವರ ಹತ್ತಿರ ಕಲಿಯಲು ಬಂದವನು ಇಂದುಧರ. ಎಮ್ಮೆಸ್ಸಿ ಮುಗಿಸಿದ್ದ. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು.

ಬಂದ ದಿನವೇ ಒಂದು ವಿಚಿತ್ರ ಕಂಡ. ಎಲ್ಲರ ಮನೆಯಲ್ಲಿ ತರಕಾರಿಯ ಸಿಪ್ಪೆ, ತೊಟ್ಟು ಹಿತ್ತಲಿಗೆ ಹೋಗುತ್ತವೆ. ಇಲ್ಲಿ ಅಡುಗೆಯ ಪುಟ್ಟತಾಯವ್ವ ಅದನ್ನೆಲ್ಲ ಮೊರಕ್ಕೆ ಹಾಕಿ ಮುಂಬಾಗಿಲ ಹೊಸ್ತಿಲ ಪಕ್ಕ ತಂದಿಡುತ್ತಿದ್ದಳು.

"ಇದೇನು ಬುದ್ಧಿ, ಕಸ ಮುಂಬಾಗಿಲಲ್ಲಿ?"

"ಮೀನಿನಿಂದ ಕಲಿತದ್ದು ಕಣಪ್ಪ," ಅಂದರು ಗುರುಗಳು. "ಮೀನಿನ ಮೈಯೊಳಗೆ ಎಷ್ಟೊಂದು ಜೀವಕೋಶ. ಒಂದೊಂದೂ ಒಂದು ಮನೆ ಅಂತ ಇಟ್ಟುಕೋ. ಮನೆಯೊಳಗೆ ಒಂದು ಕತ್ತಿ. ಹಳೇ ಪ್ರೋಟೀನು, ಕೆಟ್ಟ ಪ್ರೋಟೀನು, ಯಾವುದೇ ಇರಲಿ, ಅದು ಹೆಚ್ಚಿ ಹಾಕುತ್ತೆ. ಹೆಚ್ಚಿದ್ದರಲ್ಲಿ ನಾಲ್ಕು ಚೂರು ಬಾಗಿಲಿಗೆ ಬರುತ್ತೆ."

"ಯಾಕೆ?"

"ಬೀದಿಯಲ್ಲಿ ಕಾವಲುಗಾರ ಓಡಾಡ್ತಾನೆ. ಚೂರು ನೋಡ್ತಾನೆ. ಮನೆಯದೇ ಚೂರಾದರೆ ಮುಂದೆ ಹೋಗ್ತಾನೆ. ಮನೆಯದಲ್ಲದ ಚೂರು ಕಂಡರೆ, ಒಳಗೆ ಕಳ್ಳ ಸೇರಿದ್ದಾನೆ ಅಂತ ಗೊತ್ತಾಯ್ತಲ್ಲ! ರೋಗದ ಕಳ್ಳ."

"ಇಲ್ಲಿ ಕಾವಲುಗಾರ ಯಾರು ಬುದ್ಧಿ?"

ಒಳಗಿನಿಂದ ಪುಟ್ಟತಾಯವ್ವನ ದನಿ ಬಂತು. "ಕಾವಲುಗಾರ ಎಲ್ಲವನೆ ಎಮ್ಮೆಸ್ಸಿ ಬುದ್ಧಿ? ದಿನಾ ಹಸ ಬಂದು ತಿಂದುಕೊಂಡು ಹೋಯ್ತದೆ."

ಗುರುಗಳು ಹೊಟ್ಟೆ ಹಿಡಿದುಕೊಂಡು ನಕ್ಕರು.

ಕೆಂಬಾಲದ ಮೀನಿನಲ್ಲಿ ಈ ಕತ್ತಿಯ ಜೀನ್ ಎರಡು ಬಗೆ. ಒಂದು ಬಗೆಯ ಕತ್ತಿಗೆ ಬಾಯಿ ಅಗಲ, ಇನ್ನೊಂದಕ್ಕೆ ಕಿರಿದು. ಅಗಲಬಾಯಿ, ಕಿರುಬಾಯಿ ಅಂತ ಗುರುಗಳೇ ಹೆಸರಿಟ್ಟಿದ್ದರು. ಹೊರಗಿನಿಂದ ನೋಡಿದರೆ ಮೀನು ಮೀನೇ. ಈಜುರೆಕ್ಕೆಯ ತುದಿ ಚಿವುಟಿ, ಔಷಧಿ ಹಾಕಿ, ಯಂತ್ರದಲ್ಲಿ ಕಾಯಿಸಿ, ದೀಪದ ಕೆಳಗೆ ಹಿಡಿಯಬೇಕು. ಜೀನ್ ಇದ್ದರೆ ಒಂದು ಗೆರೆ ಹೊಳೆಯುತ್ತದೆ, ಇಲ್ಲದಿದ್ದರೆ ಇಲ್ಲ. ಅಗಲಬಾಯಿಗೆ ಒಂದು ಔಷಧಿ, ಕಿರುಬಾಯಿಗೆ ಬೇರೆ.

"ಒಂದು ಕತ್ತಿ ಸಾಲದೇ ಬುದ್ಧಿ? ಹೆಚ್ಚು ಮೀನು ಅಗಲಬಾಯಿಯಲ್ಲೇ ಚೆನ್ನಾಗಿ ಬದುಕುತ್ತಿವೆ."

"ನೆಂಟ ಬಂದಾಗ ಗೊತ್ತಾಗುತ್ತೆ."

"ಯಾವ ನೆಂಟ?"

ಗುರುಗಳು ಮೀನಿಗೆ ಹಿಂಡಿ ಹಾಕಲು ಹೋದರು.

ಆ ವರ್ಷ ಮಳೆ ಹಿಡಿಯುವ ಹೊತ್ತಿಗೆ ಗುರುಗಳ ಕಣ್ಣಿಗೆ ಪೊರೆ ಬಂತು. ತೆಗೆಸಲು ಪಟ್ಟಣಕ್ಕೆ ಹೊರಟರು. ಹೊಸದಾಗಿ ಬೆಳೆದ ಮೀನುಗಳ ಪರೀಕ್ಷೆ ಇನ್ನೂ ಆಗಿರಲಿಲ್ಲ.

"ಬಂದ ಮೇಲೆ ಇಬ್ಬರೂ ಸೇರಿ ಮಾಡೋಣ," ಅಂದರು. "ಎರಡು ಬಗೆಯೂ ಇರಲಿ. ನೀನು ನೀರು ನೋಡಿಕೋ."

ಇಂದುಧರ ನೀರು ನೋಡಿಕೊಂಡ. ಎಷ್ಟು ನೋಡಿಕೊಂಡರೇನು, ಜಡಿಮಳೆಗೆ ಮೇಲಿನ ಕೊಳದ ಗೋಡೆ ಬಿರುಕು ಬಿಟ್ಟಿತು. ಬೆಳಗ್ಗೆ ನೋಡಿದರೆ ನೀರು ಮೊಣಕಾಲಿಗಿಲ್ಲ. ಮೀನನ್ನೆಲ್ಲ ಬುಟ್ಟಿಯಲ್ಲಿ ಹೊತ್ತು ಕೆಳಗಿನ ಕೊಳಕ್ಕೆ ಬಿಟ್ಟ. ಅಲ್ಲಿ ಉಸಿರಿಗೆ ಜಾಗವಿಲ್ಲ. ಮೀನು ಮೇಲೆ ಬಂದು ಬಾಯಿ ಬಾಯಿ ಬಿಡತೊಡಗಿದವು.

ಒಂದಿಷ್ಟನ್ನು ಹೊಳೆಗೆ ಬಿಡಲೇಬೇಕು. ಯಾವುದನ್ನು?

ಇಲ್ಲಿ ನಮ್ಮ ಇಂದುಧರನ ಎಮ್ಮೆಸ್ಸಿ ಎದ್ದು ನಿಂತಿತು. ಕಣ್ಣು ಮುಚ್ಚಿ ಕೈಗೆ ಸಿಕ್ಕಿದ್ದನ್ನು ಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ! ಅವನು ಆರಿಸಲು ಕೂತ. ಒಂದೊಂದು ಮೀನಿನ ಬೆನ್ನುರೆಕ್ಕೆಗೂ ಒಂದೊಂದು ಗುರುತಿನ ಮಣಿ ಪೋಣಿಸಿದ. ರೆಕ್ಕೆಯ ತುದಿ ಚಿವುಟಿದ. ಕಿರುಬಾಯಿಯ ಔಷಧಿ ಮುಗಿದಿತ್ತು. ಅಗಲಬಾಯಿಯದು ಬೇಕಾದಷ್ಟಿತ್ತು.

ಗೆರೆ ಹೊಳೆದ ಮೀನು ಕೊಳದಲ್ಲಿ ಉಳಿದವು. ಹೊಳೆಯದ ಮೀನು ಬುಟ್ಟಿಗೆ.

"ಅವೇನು ತಪ್ಪು ಮಾಡಿದವು?" ಪುಟ್ಟತಾಯವ್ವ ಕೇಳಿದಳು.

"ತಪ್ಪೇನಿಲ್ಲ ಅವ್ವಾ. ತಳಿ ಶುದ್ಧ ಆಗ್ತಿದೆ."

"ನಂಗೆ ಗೊತ್ತಿಲ್ಲಪ್ಪ. ಮಳೇಲಿ ಮನೆಯಿಂದ ಹೊರಗೆ ಹಾಕೋದಾ?"

ಹೊಳೆ ಕೆಂಪಗೆ ಉಕ್ಕಿ ಹರಿಯುತ್ತಿತ್ತು. ಬುಟ್ಟಿ ಬಗ್ಗಿಸಿದ. ಬಾಲದ ಕೆಂಪು ನೀರಿನ ಕೆಂಪಿನಲ್ಲಿ ಒಂದು ಗಳಿಗೆ ಕಂಡು ಹೋಯಿತು. ಉಳಿದವು ಕೊಳದಲ್ಲಿ ಹಾಯಾಗಿ ಈಜಿದವು. ಇಂದುಧರ ಕರಿಹಲಗೆ ಒರೆಸಿ ದುಂಡಗೆ ಬರೆದ: ಶುದ್ಧ ತಳಿ, ಅಗಲಬಾಯಿ.

ಬರೆದು ಎರಡು ಹೆಜ್ಜೆ ಹಿಂದೆ ಹೋಗಿ ನೋಡಿದ. ಚೆನ್ನಾಗಿ ಕಂಡಿತು.

ಗುರುಗಳು ಬಂದದ್ದು ಒಂದು ಬೆಳಗ್ಗೆ, ಒಂದು ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡು. ಬಂದವರು ಕೈಕಾಲು ತೊಳೆಯದೆ ನೇರ ಕೊಳಕ್ಕೆ ಹೋದರು. ಹಲಗೆಯ ಮುಂದೆ ನಿಂತರು. ಒಂದೇ ಕಣ್ಣಲ್ಲಿ ಓದಿದರು.

"ಕಿರುಬಾಯಿ ಎಲ್ಲಪ್ಪ?"

ಇಂದುಧರ ಎಲ್ಲ ಹೇಳಿದ. ಗೋಡೆ, ಬಿರುಕು, ಪರೀಕ್ಷೆ, ಬುಟ್ಟಿ. ಹೆಮ್ಮೆಯಿಂದಲೇ ಹೇಳಿದ ಪಾಪ.

ಗುರುಗಳು ಕೊಳದ ಮೆಟ್ಟಿಲ ಮೇಲೆ ಕೂತರು.

ಅಷ್ಟರಲ್ಲಿ ಪುಟ್ಟತಾಯವ್ವ ಓಡಿಬಂದಳು. "ಬುದ್ಧಿ, ಮೇಲೂರ ಕೆರೇಲಿ ಮೀನು ತೇಲ್ತವಂತೆ. ಮೈಯೆಲ್ಲ ಕೆಂಪು ಹುಣ್ಣಂತೆ."

ಮೇಲೂರ ಕೆರೆ ತುಂಬಿದರೆ ಕೋಡಿ ನೀರು ಬಂದು ಸೇರುವುದು ಇದೇ ಹೊಳೆಗೆ. ಹೊಳೆ ನೀರು ಬರುವುದು ಇದೇ ಕೊಳಕ್ಕೆ.

"ನೆಂಟ ಹೊರಟ," ಅಂದರು ಗುರುಗಳು.

ಇಂದುಧರ ಅವರ ಪಕ್ಕ ಕೂತ. "ಬುದ್ಧಿ, ಇದೇನಾ ನೀವು ಹೇಳಿದ ನೆಂಟ?"

"ಹಿಂದೆ ಒಂದು ಸಲ ಬಂದಿದ್ದ. ಬೆಳಗ್ಗೆ ಎದ್ದರೆ ಕೊಳದ ಮೇಲೆ ಬಿಳಿ ಹೊಟ್ಟೆ. ಸತ್ತವನ್ನೆಲ್ಲ ಪರೀಕ್ಷೆ ಮಾಡಿದೆ, ಬರೀ ಅಗಲಬಾಯಿ. ಬದುಕಿದವು ಕೆಲವೇ. ಅವುಗಳಲ್ಲಿ ಒಂದೊಂದರಲ್ಲೂ ಕಿರುಬಾಯಿ ಇತ್ತು. ಈ ಕೊಳದ ಮೀನೆಲ್ಲ ಅವುಗಳ ಸಂತಾನ."

"ಅದನ್ನ ಯಾಕೆ ಹೇಳಲಿಲ್ಲ ಬುದ್ಧಿ?"

"ಒಗಟು ಹೇಳೋದು ನನ್ನ ಚಟ. ನೆಟ್ಟಗೆ ಹೇಳಬೇಕಿತ್ತು."

ಇಂದುಧರ ಎದ್ದ. ಗೋಡೆಗೆ ಒರಗಿಸಿದ್ದ ಬಲೆ ಹೆಗಲಿಗೆ ಹಾಕಿಕೊಂಡ. "ಕೆಳಗಿನ ಮಡುವಿನವರೆಗೆ ಹೋಗಿ ಹುಡುಕ್ತೀನಿ."

"ಈ ಹೊಳೇಲಾ? ನಿನ್ನನ್ನ ಹುಡುಕೋಕೆ ನಾನು ಯಾರನ್ನ ಕಳಿಸಲಿ?"

"ಮತ್ತೆ ಏನು ಮಾಡಲಿ ಬುದ್ಧಿ?"

"ಅಡುಗೆಮನೆಗೆ ಬಾ. ಹಸಿವಾಗಿದೆ."

ಶಿಷ್ಯನಿಗೆ ಅಳು ಬರುವಂತಾಗಿದೆ, ಗುರುವಿಗೆ ಹಸಿವು! ಆದರೂ ಹೋದ. ಇನ್ನೆಲ್ಲಿಗೆ ಹೋಗುತ್ತಾನೆ?

ಗುರುಗಳು ಪುಟ್ಟತಾಯವ್ವನ ಕಿವಿಯಲ್ಲಿ ಏನೋ ಹೇಳಿದರು. ಅವಳು ಹಿತ್ತಲಿಗೆ ಹೋಗಿ, ತುರಿಮಣೆಯಲ್ಲಿ ಏನನ್ನೋ ತುರಿದು ತಟ್ಟೆಯಲ್ಲಿ ತಂದಿಟ್ಟಳು. ಸಿಪ್ಪೆ ತೆಗೆದ ತರಕಾರಿ, ಬೆಳ್ಳಗೆ ನೀರು ನೀರಾದ ತುರಿ.

"ನೀನು ಕಾವಲುಗಾರ. ಇದು ಯಾವ ಕಾಯಿ?"

"ಸೋರೆಕಾಯಿ."

"ನೋಡಿ ಹೇಳು."

ಮೂಸಿದ. ಬೆರಳಲ್ಲಿ ಉಜ್ಜಿದ. "ಸೀಮೆಬದನೆ ಇರಬಹುದು. ಇಲ್ಲ, ಸೋರೆಯೇ ಬುದ್ಧಿ. ನಮ್ಮ ಹಿತ್ತಲದೇ."

"ಮನೆಯದೇ ಅಂದೆ. ಮುಂದೆ ಹೋದೆ. ಪುಟ್ಟತಾಯಿ, ಅದೇ ಕಾಯನ್ನ ಈಳಿಗೆಯಲ್ಲಿ ಹೆಚ್ಚು."

ಅವಳು ಈಳಿಗೆಮಣೆ ಹಾಕಿಕೊಂಡು ಕೂತಳು. ದುಂಡು ಬಿಲ್ಲೆ ಒಂದೊಂದಾಗಿ ಬಿದ್ದವು. ನಡುವೆ ತಿರುಳು ಬಿಟ್ಟುಕೊಂಡು ಬಳೆಯ ಹಾಗೆ ತೂತು.

"ಪಡವಲಕಾಯಿ!" ಅಂದ ಇಂದುಧರ. "ನಮ್ಮ ಹಿತ್ತಲಲ್ಲಿ ಪಡವಲವೇ ಇಲ್ಲವಲ್ಲ."

"ಪಕ್ಕದ ಮನೆಯಿಂದ ಇಸ್ಕೊಂಡು ಬಂದೆ," ಅಂದಳು ಪುಟ್ಟತಾಯವ್ವ. "ಎಲ್ಲಾ ಓದವ್ರೆ, ಪಡವಲಕಾಯಿ ಓದಿಲ್ಲ."

ಗುರುಗಳು ಒಂದು ಬಿಲ್ಲೆ ಎತ್ತಿ ಬೆಳಕಿಗೆ ಹಿಡಿದರು. "ಕಾಯಿ ಒಂದೇ. ಒಂದು ಕತ್ತಿಯ ಚೂರಲ್ಲಿ ಕಳ್ಳ ಮನೆಯವನ ಹಾಗೆ ಕಾಣಿಸ್ತಾನೆ. ಇನ್ನೊಂದರಲ್ಲಿ ಸಿಕ್ಕಿಬೀಳ್ತಾನೆ. ಯಾವ ಕಳ್ಳ ಯಾವ ಕತ್ತಿಗೆ ಸಿಗ್ತಾನೆ ಅಂತ ಮೊದಲೇ ಯಾರಿಗೆ ಗೊತ್ತು? ಶಾರ್ಕ್ ಮೀನಿನ ಕಾಲದಿಂದ ಈ ಎರಡು ಬಗೆ ಉಳಿದುಕೊಂಡು ಬಂದಿದೆ. ಆಗ ನಮ್ಮ ಹಿರಿಯರು ಇನ್ನೂ ನೀರಲ್ಲೇ ಇದ್ದರು."

ಇಂದುಧರನ ತಲೆ ತಗ್ಗಿತು. "ಅಷ್ಟು ಕಾಲ ಉಳಿದದ್ದನ್ನ ನಾನು ಒಂದು ಬುಟ್ಟಿಯಲ್ಲಿ ಕಳೆದೆ."

"ಕಳೆದವರಲ್ಲಿ ನೀನು ಮೊದಲನೆಯವನಲ್ಲ. ಮೀನುಗಳೇ ಕಳೆದುಕೊಂಡಿವೆ. ಗದ್ದೆ ನೀರಲ್ಲಿ ಇರೋ ಪುಟ್ಟ ಮೀನು ಗೊತ್ತಲ್ಲ, ಅದರ ಪೂರ್ವಿಕರಲ್ಲಿ ಹಳೇ ಕಿರುಬಾಯಿ ಪೂರ್ತಿ ಅಳಿದೇ ಹೋಯ್ತು."

"ಆಮೇಲೆ?"

"ಉಳಿದಿದ್ದ ಅಗಲಬಾಯಿಯಲ್ಲೇ, ಬಾಯಿಯ ಹತ್ತಿರ ಒಂದು ಕಡೆ ಒಂದಿಷ್ಟು ಬದಲಾಯ್ತು. ಬಾಯಿ ಕಿರಿದಾಯ್ತು. ಕಳೆದ ಕತ್ತಿ ಇದ್ದ ಕತ್ತಿಯಿಂದಲೇ ಹುಟ್ಟಿ ಬಂತು."

ಇಂದುಧರ ಕಣ್ಣು ಅರಳಿಸಿದ. "ಹಾಗಾದರೆ ನಮ್ಮ ಕೊಳದಲ್ಲೂ ಬರುತ್ತಾ?"

"ಬರಬಹುದು. ಕಾಯ್ತೀಯಾ?"

"ಎಷ್ಟು ಕಾಲ ಬುದ್ಧಿ?"

"ಎದುರಿಗಿರೋ ಬೆಟ್ಟ ಸವೆದು ಗದ್ದೆ ಆಗೋವರೆಗೆ."

ಪುಟ್ಟತಾಯವ್ವ ಬಿಲ್ಲೆಗೆ ಉಪ್ಪು ಹಚ್ಚುತ್ತ ಅಂದಳು, "ಅಷ್ಟೊತ್ತಿಗೆ ಈ ಪಲ್ಯ ತಣ್ಣಗಾಯ್ತದೆ."

ಯಾರೂ ನಗಲಿಲ್ಲ. ಅವಳೂ ನಗಲಿಲ್ಲ. ಕೊಳದ ಕಡೆಯಿಂದ ಒಂದು ಮೀನು ಹಾರಿ ಬಿದ್ದ ಸದ್ದು ಬಂತು.

ಊಟಕ್ಕೆ ಕೂತರು. ಇಂದುಧರ ಅನ್ನ ಕಲಸುತ್ತಲೇ ಇದ್ದ, ಬಾಯಿಗೆ ಹಾಕಲಿಲ್ಲ.

ಗುರುಗಳು ಕೇಳಿದರು. "ಆ ಮೀನುಗಳನ್ನ ಏನಂತ ಕೇಳಿದೆ?"

"ಯಾವ ಮೀನು ಬುದ್ಧಿ?"

"ಪರೀಕ್ಷೆ ಅಂದರೆ ಪ್ರಶ್ನೆ ಅಲ್ಲವೇನಪ್ಪ? ನೀನು ಕೇಳಿದ ಪ್ರಶ್ನೆ ಯಾವುದು?"

"ನಿನ್ನ ಹತ್ತಿರ ಅಗಲಬಾಯಿ ಕತ್ತಿ ಇದೆಯಾ ಅಂತ."

"ಇದೆ ಅಂದವು?"

"ಉಳಿದವು."

"ಇಲ್ಲ ಅಂದವು?"

"ಹೊಳೆಗೆ ಹೋದವು. ಅವೆಲ್ಲ ಬರೀ ಕಿರುಬಾಯಿ."

"ಸರಿ. ಇದೆ ಅಂದವನ್ನ ಮತ್ತೇನಾದರೂ ಕೇಳಿದೆಯಾ?"

"ಇಲ್ಲ ಬುದ್ಧಿ. ಅವು ಹೂಂ ಅಂದ ಮೇಲೆ ಇನ್ನೇನು ಕೇಳೋದು?"

ಗುರುಗಳು ಮಜ್ಜಿಗೆ ಹಾಕಿಸಿಕೊಂಡರು. ನಿಧಾನವಾಗಿ ಕಲಸಿದರು.

"ಪುಟ್ಟತಾಯಿ, ನಿನ್ನ ಮನೇಲಿ ಎಷ್ಟು ಈಳಿಗೆಮಣೆ?"

"ಎರಡು ಬುದ್ಧಿ. ನಮ್ಮವ್ವ ಕೊಟ್ಟದ್ದೊಂದು, ಅತ್ತೆಮನೇದೊಂದು."

ಇಂದುಧರನ ಕೈ ತಟ್ಟೆಯಲ್ಲೇ ನಿಂತಿತು.

ಆಮೇಲೆ ಮೆಲ್ಲಗೆ ಅಂದ, "ಅಮ್ಮನ ಕಡೆಯಿಂದ ಒಂದು. ಅಪ್ಪನ ಕಡೆಯಿಂದ ಒಂದು."

"ಹೂಂ."

"ಒಂದು ಮೀನಿಗೆ ಅಮ್ಮನಿಂದ ಅಗಲಬಾಯಿ, ಅಪ್ಪನಿಂದ ಕಿರುಬಾಯಿ ಬಂದಿದ್ದರೆ... ಅಗಲಬಾಯಿ ಇದೆಯಾ ಅಂತ ಕೇಳಿದರೆ ಅದೂ ಹೂಂ ಅನ್ನುತ್ತೆ. ಗೆರೆ ಹೊಳೆಯುತ್ತೆ." ದನಿ ಏರಿತು. "ಅದು ಕೊಳದಲ್ಲೇ ಉಳಿದಿರುತ್ತೆ ಬುದ್ಧಿ! ನಾನು ಅರ್ಧ ಪ್ರಶ್ನೆ ಕೇಳಿದ್ದೆ!"

"ಪೂರ್ತಿ ಕೇಳಿದ್ದರೆ ಅದನ್ನೂ ಹೊಳೆಗೆ ಬಿಡ್ತಿದ್ದೆ," ಅಂದರು ಗುರುಗಳು.

ಎಂಜಲು ಕೈಯಲ್ಲೇ ಎದ್ದ. ಬಾಗಿಲವರೆಗೆ ಓಡಿದ. ಅಲ್ಲಿ ನಿಂತುಬಿಟ್ಟ. ಮುಖ ಇಳಿಯಿತು.

"ಕಿರುಬಾಯಿಯ ಔಷಧಿ ಮುಗಿದಿದೆ. ಇದ್ದಿದ್ದರೆ ಅವತ್ತೇ..."

"ನನ್ನ ಚೀಲ ತಾ. ಕೈ ತೊಳೆದುಕೊಂಡು."

ಚೀಲದಿಂದ ಗುರುಗಳು ಮೊದಲು ಕಣ್ಣಿಗೆ ಹಾಕುವ ಹನಿ ತೆಗೆದರು. ಆಮೇಲೆ ಒಗೆದ ಪಂಚೆ. ಆಮೇಲೆ ಕಿತ್ತಳೆ ಹಣ್ಣು, ಪುಟ್ಟತಾಯವ್ವನಿಗೆ. ತಳದಲ್ಲಿ ಟವೆಲ್ಲಿನಲ್ಲಿ ಸುತ್ತಿದ ಫ್ಲಾಸ್ಕು. ಮುಚ್ಚಳ ತಿರುಗಿಸಿದರೆ ಮಂಜುಗಡ್ಡೆ, ಮಂಜಿನ ನಡುವೆ ಬೆರಳುಗಾತ್ರದ ಶೀಶೆ.

"ಪರೀಕ್ಷೆ ಇಬ್ಬರೂ ಸೇರಿ ಮಾಡೋಣ ಅಂದಿದ್ದೆನಲ್ಲ, ಅದಕ್ಕೆ ತಂದೆ. ಬಸ್ಸಿನಲ್ಲಿ ಪಕ್ಕದವನು ಕಾಫಿ ಇದೆಯಾ ಅಂತ ಎರಡು ಸಲ ಕೇಳಿದ."

ರೆಕ್ಕೆಯ ಚೂರುಗಳು ತಣ್ಣನೆ ಪೆಟ್ಟಿಗೆಯಲ್ಲಿ ಹಾಗೇ ಇದ್ದವು, ಯಾವ ಮಣಿಯ ಮೀನು ಅಂತ ಗುರುತು ಸಮೇತ. ಇಂದುಧರ ಕೂತ. ಗುರುಗಳು ಪಕ್ಕದಲ್ಲಿ ಕೂತು ಶೀಶೆ ಹಿಡಿದುಕೊಂಡರು. ಯಂತ್ರ ಕಾದು ಆರಿ, ಕಾದು ಆರಿ, ಗುಂಯ್ ಅನ್ನುತ್ತ ಮಧ್ಯಾಹ್ನ ಕಳೆಯಿತು.

"ಬುದ್ಧಿ, ಇಲ್ಲದಿದ್ದರೆ?"

"ಇಲ್ಲದಿದ್ದರೆ ಇಲ್ಲ. ಇರಬಹುದು ಅಂತ ನನಗೂ ಆಸೆ ಮಾತ್ರ. ಗೊತ್ತಿಲ್ಲ."

ಗುರುಗಳಿಗೂ ಗೊತ್ತಿಲ್ಲ ಅಂದ ಮಾತು ಅವನಿಗೆ ಯಾಕೋ ಧೈರ್ಯ ಕೊಟ್ಟಿತು.

ಸಂಜೆಯ ಬೆಳಕು ಇನ್ನೂ ಇದ್ದಾಗ ಪುಟ್ಟತಾಯವ್ವ ಕಿಟಕಿ ಮುಚ್ಚಿ ಕೋಣೆ ಕತ್ತಲು ಮಾಡಿದಳು. ದೀಪ ಹಾಕಿದರು.

ಮೊದಲ ಸಾಲು ಖಾಲಿ.

ಎರಡನೆಯದೂ ಖಾಲಿ. ಅದರ ಮುಂದಿನದೂ.

ಇಂದುಧರ ಉಸಿರು ಬಿಟ್ಟು ಮುಖ ತಿರುಗಿಸಿದ.

"ಅಕ್ಕೋ ಅಲ್ಲಿ," ಅಂದಳು ಪುಟ್ಟತಾಯವ್ವ. "ಅಲ್ಲಿ ಮೂಲೇಲಿ ಹೊಳೀತಾ ಇರೋದು ಏನು?"

ಗೆರೆ. ಸಣ್ಣದು, ಆದರೆ ಅನುಮಾನವಿಲ್ಲದ್ದು. ಅದರ ಪಕ್ಕ ಒಂದು ಬಿಟ್ಟು ಇನ್ನೊಂದು. ಕೆಳಗಿನ ಸಾಲಿನಲ್ಲಿ ಅಲ್ಲೊಂದು ಇಲ್ಲೊಂದು, ಸಂಜೆ ಆಕಾಶದಲ್ಲಿ ಚುಕ್ಕಿ ಮೂಡುವ ಹಾಗೆ. ಇಂದುಧರ ಎಣಿಸಲು ಹೋಗಿ ತಪ್ಪಿದ, ಮತ್ತೆ ಎಣಿಸಿದ, ಮತ್ತೆ ತಪ್ಪಿದ. ಆಮೇಲೆ ಎಣಿಸುವುದನ್ನೇ ಬಿಟ್ಟು ಮಗುವಿನ ಹಾಗೆ ಅತ್ತ.

"ನಕ್ಕೊಂಡು ಅಳ್ತಾವನೆ ನೋಡಿ ಬುದ್ಧಿ," ಅಂದಳು ಪುಟ್ಟತಾಯವ್ವ, ಸೆರಗಿನಲ್ಲಿ ತನ್ನ ಕಣ್ಣೂ ಒರೆಸಿಕೊಳ್ಳುತ್ತ. "ತಡೀರಿ, ಪಾಯಸಕ್ಕೆ ಇಡ್ತೀನಿ."

ಗುರುಗಳು ಕಣ್ಣಿನ ಹಸಿರು ಬಟ್ಟೆ ಸ್ವಲ್ಪ ಎತ್ತಿ ನೋಡಿದರು. ವೈದ್ಯರು ಬೇಡ ಅಂದಿದ್ದರು. ಆದರೂ ನೋಡಿದರು.

ಮಣಿ ನೋಡಿ ನೋಡಿ, ಎರಡೂ ಕತ್ತಿ ಇದ್ದ ಮೀನುಗಳನ್ನು ಗುರುತಿಸಿಟ್ಟರು. ಮುಂದಿನ ಮರಿಗಳಿಗೆ ತಂದೆತಾಯಿ ಅವೇ ಅಂತಾಯಿತು. ಈ ಸಲ ಗೆರೆ ಹೊಳೆಯದ ಮೀನುಗಳನ್ನು ಏನು ಮಾಡುವುದು ಅಂತ ಇಂದುಧರ ಕೇಳಲೇ ಇಲ್ಲ. ಅವುಗಳಿಗೂ ಹಿಂಡಿ ಹಾಕಿದ.

"ಹೊಳೆಗೆ ಹೋದವುಗಳ ಗತಿ ಏನು ಬುದ್ಧಿ?"

"ಅವು ಹೊಳೆಯ ಮೀನೇ ಅಲ್ಲವೇನಪ್ಪ. ನೆಂಟನನ್ನ ಗುರುತು ಹಿಡಿಯೋ ಕತ್ತಿಯೂ ಅವುಗಳ ಹತ್ತಿರ ಇದೆ. ಬದುಕಿಯಾವು."

ಕತ್ತಲಾಗುವ ಮೊದಲು ಇಂದುಧರ ಒದ್ದೆ ಬಟ್ಟೆ ತಂದು ಹಲಗೆ ಒರೆಸಿದ. ಶುದ್ಧ ತಳಿ ಹೋಯಿತು. ಅಗಲಬಾಯಿಯೂ ಹೋಯಿತು. ಸೀಮೆಸುಣ್ಣ ಹಿಡಿದು ನಿಂತ.

"ಈಗ ಏನಂತ ಬರೀಲಿ ಬುದ್ಧಿ? ಎರಡು ಕತ್ತಿಯ ತಳಿ ಅಂತ ಬರೀಲಾ?"

"ಬೇಡ. ಹೆಸರು ಬರೆದರೆ ಮತ್ತೆ ಆರಿಸೋಕೆ ಕೂರ್ತೀಯ."

"ಹಲಗೆ ಖಾಲಿ ಬಿಡಲಾ?"

ಗುರುಗಳು ಮೆಟ್ಟಿಲ ಮೇಲೆ ಕೂತಿದ್ದರು. ನೀರಿನಲ್ಲಿ ಕೆಂಪು ಬಾಲವೊಂದು ತಿರುಗಿ ಮರೆಯಾಯಿತು. ಅದಕ್ಕೆ ಒಂದು ಕತ್ತಿಯೋ ಎರಡೋ, ಮೇಲಿನಿಂದ ಯಾರಿಗೂ ಕಾಣುವಂತಿರಲಿಲ್ಲ.

"ನೀನು ಎರಡನೇ ಪ್ರಶ್ನೆ ಕೇಳಿದ ದಿನ ಬರಿ," ಅಂದರು. "ಆಷಾಢ ಬಹುಳ ಪಂಚಮಿ, ಗುರುವಾರ."